ಹೊಸ ವೈಫೈ ರೂಟರ್: ಡಬ್ಬದ ಅಂಕಿಯಿಂದ ಮೂಲೆಯ ಕೋಣೆಯವರೆಗೆ

ರೂಟರ್‌ನ ಡಬ್ಬದ ಮೇಲೆ ದೊಡ್ಡದಾಗಿ ಎಎಕ್ಸ್3000 ಎಂದು ಅಚ್ಚಾಗಿರುತ್ತದೆ. ಕೇಬಲ್ ಸಿಕ್ಕಿಸಿ, ಹೆಸರು-ಪಾಸ್‌ವರ್ಡ್ ಕೊಟ್ಟು, ಮೂಲೆಯ ಕೋಣೆಯಲ್ಲಿ ಕೂತು ಫೋನಿನಲ್ಲಿ ವೇಗ ನೋಡಿದರೆ 35 ಎಂಬಿಪಿಎಸ್ ಬರುತ್ತದೆ. ರೂಟರ್ ಸರಿಯಿಲ್ಲ ಅನ್ನಿಸುವುದು ಸಹಜ, ಆದರೆ ಹೆಚ್ಚಿನ ಸಲ ತಪ್ಪು ರೂಟರ್‌ನದಲ್ಲ. ಹೊರಗಿನಿಂದ ಬರುವ ಲೈನ್, ಕೇಬಲ್, ಪೋರ್ಟ್, ರೂಟರ್ ಒಳಗಿನ ಪ್ರೊಸೆಸರ್, ಗಾಳಿಯಲ್ಲಿ ಹೋಗುವ ರೇಡಿಯೊ, ಕೊನೆಗೆ ಕೈಯಲ್ಲಿರುವ ಫೋನ್: ಇಷ್ಟರಲ್ಲಿ ಯಾವುದು ಎಲ್ಲಕ್ಕಿಂತ ಕಿರಿದೋ ಅದರ ವೇಗವೇ ನಿಮಗೆ ಸಿಗುವ ವೇಗ. ಹೊಸ ರೂಟರ್ ಬಂದ ದಿನವೇ ಆ ಕಿರಿದಾದ ಜಾಗ ಯಾವುದೆಂದು ಹುಡುಕಿಕೊಳ್ಳಬೇಕು. ಒಂದು ಗಂಟೆಯ ಕೆಲಸ.

ಆ ಮೂರು ಸಾವಿರ ಎಲ್ಲಿಂದ ಬಂತು

2.4 ಗಿಗಾಹರ್ಟ್ಸ್ ಬ್ಯಾಂಡ್‌ನ (ರೇಡಿಯೊ ತರಂಗಗಳ ಪಟ್ಟಿ) ಗರಿಷ್ಠ ವೇಗ 574 ಎಂಬಿಪಿಎಸ್, 5 ಗಿಗಾಹರ್ಟ್ಸ್ ಬ್ಯಾಂಡ್‌ನದು 2402, ಎರಡನ್ನೂ ಕೂಡಿದರೆ 2976. ಅದನ್ನೇ ದುಂಡಾಗಿಸಿ 3000 ಎಂದು ಬರೆಯುತ್ತಾರೆ, ಎಎಕ್ಸ್ ಅಂದರೆ ವೈಫೈ 6. ಎಎಕ್ಸ್1800 ಅಂದರೆ 574 ಮತ್ತು 1201. ಆದರೆ ಸಾಮಾನ್ಯವಾಗಿ ಒಂದು ಫೋನ್ ಒಂದು ಹೊತ್ತಿಗೆ ಒಂದೇ ಬ್ಯಾಂಡ್‌ನಲ್ಲಿರುತ್ತದೆ, ಹಾಗಾಗಿ ಈ ಮೊತ್ತ ಯಾವ ಒಂದು ಸಾಧನಕ್ಕೂ ಸಿಗುವುದಿಲ್ಲ. ಎರಡು ಬ್ಯಾಂಡ್‌ಗಳನ್ನು ಒಟ್ಟಿಗೆ ಬಳಸುವ ಮಲ್ಟಿ-ಲಿಂಕ್ ಸೌಲಭ್ಯ ವೈಫೈ 7ರಲ್ಲಿ ಬಂದಿದೆ. ಅದಕ್ಕೆ ರೂಟರ್ ಮತ್ತು ಫೋನ್ ಎರಡೂ ವೈಫೈ 7 ಆಗಿರಬೇಕು.

2402 ಸಿಗಬೇಕಾದರೆ ಚಾನೆಲ್‌ನ (ಬ್ಯಾಂಡ್‌ನೊಳಗೆ ರೂಟರ್ ಬಳಸುವ ಓಣಿ) ಅಗಲ 160 ಮೆಗಾಹರ್ಟ್ಸ್ ಇರಬೇಕು, ಫೋನಿನಲ್ಲಿ ಎರಡು ಆಂಟೆನಾ ಇರಬೇಕು, ಅದು 160ರ ಅಗಲವನ್ನು ಬಳಸಬಲ್ಲುದಾಗಿರಬೇಕು. ಬಹಳಷ್ಟು ಫೋನ್‌ಗಳು 80 ಮೆಗಾಹರ್ಟ್ಸ್‌ಗೇ ನಿಲ್ಲುತ್ತವೆ, ಅಂಥವಕ್ಕೆ ಗರಿಷ್ಠ 1201. ಇದು ಕೂಡ ಲಿಂಕ್ ಸ್ಪೀಡ್, ಅಂದರೆ ರೇಡಿಯೊ ಜೋಡಣೆಯ ವೇಗ ಮಾತ್ರ, ಕಡತ ಇಳಿಯುವ ವೇಗವಲ್ಲ. ಒಂದು ಚಾನೆಲ್‌ನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಪ್ರತಿ ಕಂತಿಗೂ ತಲುಪಿತೆಂಬ ಮರುತ್ತರ ಬರಬೇಕು, ನಡುವೆ ಕಾಯುವ ಸಮಯ ಬೇರೆ. ಇದೆಲ್ಲ ಕಳೆದು ಲಿಂಕ್ ಸ್ಪೀಡ್‌ನ ಶೇಕಡಾ 60ರಿಂದ 70ರಷ್ಟು ಕೈಗೆ ಸಿಕ್ಕರೆ ಅದು ಒಳ್ಳೆಯ ಫಲಿತಾಂಶವೇ. 1201ರ ಲಿಂಕ್‌ನಲ್ಲಿ ಅದೇ ಕೋಣೆಯಲ್ಲಿ 700ರಿಂದ 850 ಬಂದರೆ ರೂಟರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ ಎಂದರ್ಥ. 574 ಕೂಡ 2.4ರಲ್ಲಿ 40 ಮೆಗಾಹರ್ಟ್ಸ್ ಅಗಲವಿದ್ದರೆ ಮಾತ್ರ. ಅಕ್ಕಪಕ್ಕದ ಮನೆಗಳ ಹತ್ತಾರು ವೈಫೈ ಕಾಣುವ ಕಡೆ ಅಷ್ಟು ಜಾಗ ಇರುವುದಿಲ್ಲ, 20 ಮೆಗಾಹರ್ಟ್ಸ್‌ಗೆ ಇಳಿದು 287 ಆಗುತ್ತದೆ.

ಹಾಗಾದರೆ ವೈಫೈ 5 ಬಿಟ್ಟು ವೈಫೈ 6 ಕೊಂಡರೆ ಏನು ಲಾಭ? ಜಾಹೀರಾತಿನಲ್ಲಿ ಹೇಳದ ಒಂದು ಲಾಭವೇ ನನ್ನ ಲೆಕ್ಕದಲ್ಲಿ ದೊಡ್ಡದು. ವೈಫೈ 5 ಅಂದರೆ 802.11ಎಸಿ 5 ಗಿಗಾಹರ್ಟ್ಸ್‌ಗೆ ಮಾತ್ರ ಬರೆದ ಮಾನಕ. ವೈಫೈ 5 ರೂಟರ್‌ನ 2.4 ಭಾಗ ಇನ್ನೂ 2009ರ ವೈಫೈ 4ರಲ್ಲೇ ಇದೆ. ವೈಫೈ 6 ಎರಡೂ ಬ್ಯಾಂಡ್‌ಗಳನ್ನು ಹೊಸದಾಗಿಸಿತು. ಮೂರು ಗೋಡೆಗಳಾಚೆಯ ಕೋಣೆಗೆ ತಲುಪುವುದು 2.4 ಆದ್ದರಿಂದ ಆ ಕೋಣೆಗೆ ಇದರಿಂದ ನಿಜವಾದ ಉಪಕಾರವಾಗುತ್ತದೆ. ಇನ್ನೊಂದು, ಓಎಫ್‌ಡಿಎಂಎ. ಹಿಂದೆ ಒಂದು ಸಣ್ಣ ಸಂದೇಶ ಕಳಿಸಲೂ ಇಡೀ ಚಾನೆಲ್ ಒಬ್ಬರಿಗೇ ಮೀಸಲಾಗುತ್ತಿತ್ತು. ಈಗ ಚಾನೆಲ್ಲನ್ನು ಸೀಳುಗಳಾಗಿ ಹಂಚಿ ಹಲವು ಸಾಧನಗಳಿಗೆ ಒಂದೇ ಬಾರಿ ಕೊಡಬಹುದು. ಮನೆಯಲ್ಲಿ ಇಪ್ಪತ್ತು-ಮೂವತ್ತು ಸಾಧನಗಳಿದ್ದು ಅವುಗಳಲ್ಲಿ ಹೆಚ್ಚಿನವು ವೈಫೈ 6 ಆಗಿದ್ದರೆ ಇದರ ಫಲ ಕಾಣುತ್ತದೆ, ಹಳೆಯವೇ ಹೆಚ್ಚಿದ್ದರೆ ಇಲ್ಲ. 1024-ಕ್ವಾಮ್‌ನಿಂದ ಪ್ರತಿ ಸಂಕೇತಕ್ಕೆ 8ರ ಬದಲು 10 ಬಿಟ್ ಹೋಗುತ್ತದೆ, ಶೇಕಡಾ 25 ಹೆಚ್ಚು ನಿಜ, ಆದರೆ ಸಿಗ್ನಲ್ ಬಹಳ ಬಲವಾಗಿರುವ ಒಂದೇ ಕೋಣೆಯೊಳಗೆ. ಹಲವು ಆಂಟೆನಾಗಳಿಂದ ಒಂದೇ ಹೊತ್ತಿಗೆ ಹಲವು ಸಾಧನಗಳಿಗೆ ಕಳಿಸುವ ಎಂಯು-ಮಿಮೊಗಾಗಿ ಮನೆಯವರು ಹೆಚ್ಚು ಹಣ ಕೊಡಬೇಕಿಲ್ಲ. ಸಾಧನಗಳು ದೂರ ದೂರ ಕುಳಿತು, ಅಲುಗದೆ, ದೊಡ್ಡ ಕಡತ ಎಳೆಯುವಾಗ ಮಾತ್ರ ಅದು ಉಪಯೋಗಕ್ಕೆ ಬರುವುದು.

ವೈಫೈ 7ರ ಪ್ರಮಾಣೀಕರಣ 2024ರ ಜನವರಿಯಲ್ಲಿ ಶುರುವಾಯಿತು. ಅದನ್ನು ಕೊಳ್ಳುವಾಗ ಒಂದು ಸಾಲು ಹುಡುಕಿ ಓದಬೇಕು: ರೂಟರ್‌ನಲ್ಲಿ 6 ಗಿಗಾಹರ್ಟ್ಸ್ ರೇಡಿಯೊ ಇದೆಯೇ ಇಲ್ಲವೇ. 320 ಮೆಗಾಹರ್ಟ್ಸ್ ಅಗಲ ಸಿಗುವುದು 6 ಗಿಗಾಹರ್ಟ್ಸ್‌ನಲ್ಲಿ ಮಾತ್ರ. ಬಿಇ3600 ಎಂದು ಬರೆದ ಡಬ್ಬಗಳಲ್ಲಿ 688 ಮತ್ತು 2882, ಅಂದರೆ ಬರೀ 2.4 ಮತ್ತು 5 ಇರುತ್ತವೆ. ಅದು ಕೆಟ್ಟ ರೂಟರ್ ಅಲ್ಲ, ಆದರೆ 320ರ ಆಸೆಯಿಂದ ಕೊಂಡರೆ ನಿರಾಸೆ ಖಂಡಿತ. 6 ಗಿಗಾಹರ್ಟ್ಸ್ ಬಳಕೆಗೆ ಒಂದೊಂದು ದೇಶದಲ್ಲಿ ಒಂದೊಂದು ನಿಯಮವಿರುವುದರಿಂದ ಅದನ್ನೂ ನೋಡಿಕೊಳ್ಳಿ.

ಮೊದಲು ತಂತಿ, ಆಮೇಲೆ ಗಾಳಿ

ಲೈನ್ ನಿಧಾನವಾಗಿದ್ದಾಗ ವೈಫೈ ಚಾನೆಲ್ ಬದಲಿಸುತ್ತ ಕೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಆದ್ದರಿಂದ ಪರೀಕ್ಷೆಗೊಂದು ಕ್ರಮ ಇರಲಿ. ಮೊದಲು ಲ್ಯಾಪ್‌ಟಾಪನ್ನು ರೂಟರ್‌ನ ಲ್ಯಾನ್ ಪೋರ್ಟಿಗೆ (ಮನೆಯ ಸಾಧನಗಳಿಗಿರುವ ಪೋರ್ಟ್) ಕೇಬಲ್‌ನಿಂದ ಜೋಡಿಸಿ, ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಮೂರು ಸಲ ವೇಗ ನೋಡಿ. ಲೈನ್‌ನ ವೇಗದ ಹತ್ತಿರ ಬಂದರೆ ಹೊರಗಿನ ಲೈನ್, ಕೇಬಲ್, ಪೋರ್ಟ್, ಪ್ರೊಸೆಸರ್ ನಾಲ್ಕೂ ಸರಿ. ಬರದಿದ್ದರೆ ರೂಟರ್ ಬಿಟ್ಟು ನೇರವಾಗಿ ಮೋಡೆಮ್ ಅಥವಾ ಓಎನ್‌ಟಿಗೆ (ಫೈಬರ್ ಲೈನ್ ಬಂದು ಸೇರುವ ಪೆಟ್ಟಿಗೆ) ಜೋಡಿಸಿ ನೋಡಿ. ಅಲ್ಲೂ ಬರದಿದ್ದರೆ ದೂರು ಕೊಡಬೇಕಾದ್ದು ಇಂಟರ್ನೆಟ್ ಕೊಡುವವರಿಗೆ.

ಇಲ್ಲಿ ಅಂಕಿಯೇ ತಪ್ಪು ಎಲ್ಲಿದೆ ಎಂದು ಹೇಳಿಬಿಡುತ್ತದೆ. ಗಿಗಾಬಿಟ್ ಪೋರ್ಟಿನಲ್ಲಿ ಸಿಗುವ ಗರಿಷ್ಠ ವೇಗ ಸುಮಾರು 940. ನೀವು 300ರ ಲೈನ್ ಇಟ್ಟುಕೊಂಡು ಪ್ರತಿ ಸಲವೂ 93-94ರಲ್ಲೇ ನಿಲ್ಲುತ್ತಿದ್ದರೆ ಎಲ್ಲೋ ಒಂದು ಕಡೆ ಜೋಡಣೆ 100ಕ್ಕೆ ಇಳಿದಿದೆ. ಕಾರಣ ಎರಡರಲ್ಲಿ ಒಂದು. ಅಗ್ಗದ ರೂಟರ್‌ಗಳಲ್ಲಿ ಪೋರ್ಟುಗಳೇ 10/100 ಇರಬಹುದು. ವೈಫೈ ಎಷ್ಟೇ ವೇಗದ್ದಾದರೂ ಹೊರಗಿನಿಂದ 94ಕ್ಕಿಂತ ಹೆಚ್ಚು ಒಳಗೆ ಬರುವುದೇ ಇಲ್ಲ. ಇಲ್ಲವಾದರೆ ಕೇಬಲ್. 100ಕ್ಕೆ ಎರಡು ಜೊತೆ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕು ಜೊತೆಯೂ ಬೇಕು. ಕ್ರಿಂಪ್ ಮಾಡಿದ ತುದಿಯಲ್ಲಿ ಒಂದು ಎಳೆ ಸರಿಯಾಗಿ ಕೂರದಿದ್ದರೂ ಕೇಬಲ್ ಕೆಲಸ ಮಾಡುತ್ತಲೇ ಇರುತ್ತದೆ, ವೇಗ ಮಾತ್ರ ಹತ್ತನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಕ್ಯಾಟ್5ಇ ಅಥವಾ ಕ್ಯಾಟ್6 ಎಂದು ಮೈಮೇಲೆ ಬರೆದಿರುವ ಬೇರೆ ಕೇಬಲ್ ಹಾಕಿ ನೋಡುವುದು ಒಂದು ನಿಮಿಷದ ಕೆಲಸ. ಹಾಗೆಯೇ ಎಂಬಿಪಿಎಸ್ ಅಂದರೆ ಮೆಗಾಬಿಟ್ ಎನ್ನುವುದು ನೆನಪಿರಲಿ. 200ರ ಲೈನ್‌ನಲ್ಲಿ ಡೌನ್‌ಲೋಡ್ ಕಿಟಕಿ ಸೆಕೆಂಡಿಗೆ 25 ಮೆಗಾಬೈಟ್ ತೋರಿಸಿದರೆ ಏನೂ ಕಡಿಮೆಯಾಗಿಲ್ಲ, 8ರಿಂದ ಭಾಗಿಸಿದೆ ಅಷ್ಟೇ.

ಹೊಸ ರೂಟರ್‌ಗೆ ಇಂಟರ್ನೆಟ್ಟೇ ಬರುತ್ತಿಲ್ಲವಾದರೆ ಮೂರು ಕಡೆ ನೋಡಬೇಕು. ಲೈನ್ ಪಿಪಿಪಿಒಇ, ಅಂದರೆ ಲಾಗಿನ್ ಕೇಳುವ ಬಗೆಯದಾಗಿದ್ದರೆ ಬಳಕೆದಾರ ಹೆಸರು-ಪಾಸ್‌ವರ್ಡ್ ಬೇಕು, ಕೆಲವು ಕಡೆ ವಿಲ್ಯಾನ್ (ಲೈನ್‌ನೊಳಗಿನ ಪ್ರತ್ಯೇಕ ಜಾಲ) ಸಂಖ್ಯೆಯೂ ಬೇಕು. ಹಳೆಯ ರೂಟರ್ ಕಳಚುವ ಮೊದಲೇ ಇವನ್ನು ಬರೆದಿಟ್ಟುಕೊಳ್ಳಿ. ಮೂರನೆಯದು, ಕೆಲವು ಸೇವೆಗಳಲ್ಲಿ ಹಳೆಯ ರೂಟರ್‌ನ ಮ್ಯಾಕ್ ವಿಳಾಸಕ್ಕೆ (ಯಂತ್ರಕ್ಕೆ ಕಾರ್ಖಾನೆಯಲ್ಲಿ ಕೊಟ್ಟ ಗುರುತು ಸಂಖ್ಯೆ) ಲೈನ್ ಕಟ್ಟಿಹಾಕಿರುತ್ತಾರೆ. ಆಗ ಹೊಸ ರೂಟರ್‌ನ ವ್ಯಾನ್ (ಹೊರಗಿನ ಲೈನ್ ಬರುವ ಕಡೆ) ಸೆಟ್ಟಿಂಗ್‌ನಲ್ಲಿ ಮ್ಯಾಕ್ ಕ್ಲೋನ್ ಎಂಬಲ್ಲಿ ಹಳೆಯ ವಿಳಾಸ ತುಂಬಿದರೆ ಲೈನ್ ಬರುತ್ತದೆ. ಪಿಪಿಪಿಒಇಯಲ್ಲಿ ಎಂಟಿಯು (ಒಂದು ಕಂತಿನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) 1492 ಇರಬೇಕು. 1500 ಎಂದು ಬಿಟ್ಟರೆ ಕೆಲವು ತಾಣಗಳು ತೆರೆಯುತ್ತವೆ, ಕೆಲವು ಅರ್ಧಕ್ಕೆ ನಿಂತುಬಿಡುತ್ತವೆ. ಕಾರಣ ಸುಲಭಕ್ಕೆ ಹೊಳೆಯದ ತೊಂದರೆ ಇದು.

ತಂತಿ ಸರಿಯಿದೆ ಎಂದು ಖಚಿತವಾದ ಮೇಲೆ ವೈಫೈ. ರೂಟರ್‌ನಿಂದ ಎರಡು-ಮೂರು ಮೀಟರ್ ದೂರದಲ್ಲಿ ಒಂದು ಅಳತೆ, ಅತ್ಯಂತ ದೂರದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇನ್ನೊಂದು. ಅಂತರ್ಜಾಲದ ವೇಗ ಪರೀಕ್ಷೆ ನಿಮ್ಮ ಲೈನ್‌ನ ವೇಗಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ, 100ರ ಲೈನ್‌ನಲ್ಲಿ ಹಳೆಯ ರೂಟರ್, ಹೊಸ ರೂಟರ್ ಎರಡೂ 95 ತೋರಿಸುತ್ತವೆ. ವೈಫೈಯನ್ನೇ ಅಳೆಯಬೇಕಾದರೆ ಐಪರ್ಫ್3 ಎಂಬ, ಮನೆಯೊಳಗಿನ ವೇಗ ಅಳೆಯುವ ತಂತ್ರಾಂಶ ಬೇಕು. ಕೇಬಲ್‌ನಿಂದ ರೂಟರ್‌ಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಅದನ್ನು ಸರ್ವರ್ ಆಗಿ ಓಡಿಸಿ, ವೈಫೈಯಲ್ಲಿರುವ ಲ್ಯಾಪ್‌ಟಾಪ್ ಅಥವಾ ಫೋನಿನಿಂದ ಕ್ಲೈಂಟ್ ಆಗಿ ನಾಲ್ಕು ಸಮಾನಾಂತರ ಧಾರೆಗಳಲ್ಲಿ 30 ಸೆಕೆಂಡ್ ಓಡಿಸಿ. ಆಮೇಲೆ ರಿವರ್ಸ್ ಆಯ್ಕೆ ಕೊಟ್ಟು ಇನ್ನೊಂದು ಸಲ. ಮೊದಲಿನದು ಅಪ್‌ಲೋಡ್, ರಿವರ್ಸ್ ಡೌನ್‌ಲೋಡ್. ಕಂಪ್ಯೂಟರಿನ ಫೈರ್‌ವಾಲ್ 5201ನೇ ಪೋರ್ಟನ್ನು ತಡೆದರೆ ಪರೀಕ್ಷೆ ಶುರುವಾಗುವುದಿಲ್ಲ, ಅದನ್ನು ತೆರೆಯಬೇಕು.

ಎಲ್ಲಿ ಇಡಬೇಕು ಎಂಬುದೇ ಅರ್ಧ ಕೆಲಸ

ಸಿಗ್ನಲ್ಲನ್ನು ಡಿಬಿಎಂನಲ್ಲಿ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ನೋಡುವ ಅಭ್ಯಾಸ ಮಾಡಿಕೊಳ್ಳಿ, ಫೋನಿನ ಗೀಟುಗಳನ್ನು ನಂಬಬೇಡಿ. ಮೈನಸ್ 50 ಬಹಳ ಚೆನ್ನಾಗಿದೆ. ವಿಡಿಯೊ ಕರೆ ಅಡ್ಡಿಯಿಲ್ಲದೆ ನಡೆಯಲು ಮೈನಸ್ 67ರ ಒಳಗಿರಬೇಕು. ಮೈನಸ್ 75ಕ್ಕೆ ಪುಟಗಳು ತೆರೆಯುತ್ತವೆ, ಕರೆ ಮುಗ್ಗರಿಸುತ್ತದೆ. ಮೈನಸ್ 80 ದಾಟಿದರೆ ಸಂಪರ್ಕ ಇದ್ದರೂ ಇಲ್ಲದ ಹಾಗೆ. ಮ್ಯಾಕ್ ಕಂಪ್ಯೂಟರಿನಲ್ಲಿ ಆಪ್ಶನ್ ಕೀಲಿ ಒತ್ತಿಕೊಂಡು ವೈಫೈ ಚಿಹ್ನೆ ಕ್ಲಿಕ್ ಮಾಡಿದರೆ ಸಿಗ್ನಲ್, ನಾಯ್ಸ್, ಚಾನೆಲ್, ಲಿಂಕ್ ಸ್ಪೀಡ್ ನಾಲ್ಕೂ ಕಾಣುತ್ತವೆ. ಆಂಡ್ರಾಯ್ಡ್‌ನಲ್ಲಿ ವೈಫೈ ಅನಲೈಸರ್ ಬಗೆಯ ಆಪ್‌ಗಳಿವೆ. ಆಂಡ್ರಾಯ್ಡ್ 9ರಿಂದೀಚೆಗೆ ಆಪ್ ಒಂದು ಎರಡು ನಿಮಿಷದಲ್ಲಿ ನಾಲ್ಕು ಸಲ ಮಾತ್ರ ಸ್ಕ್ಯಾನ್ ಮಾಡಬಹುದು. ಹಾಗಾಗಿ ಕೋಣೆ ಬದಲಿಸಿದ ಕೂಡಲೇ ಅಂಕಿ ಓದಬೇಡಿ, ಅರ್ಧ ನಿಮಿಷ ನಿಂತು ಓದಿ. ಐಫೋನಿನಲ್ಲಿ ಏರ್‌ಪೋರ್ಟ್ ಯುಟಿಲಿಟಿ ಆಪ್ ಹಾಕಿ, ಸೆಟ್ಟಿಂಗ್‌ನಲ್ಲಿ ಅದರ ವೈಫೈ ಸ್ಕ್ಯಾನರ್ ಆನ್ ಮಾಡಿದರೆ ಸಿಗ್ನಲ್ ಮತ್ತು ಚಾನೆಲ್ ಕಾಣುತ್ತವೆ.

ಬಯಲಿನಲ್ಲಿ ದೂರ ಎರಡರಷ್ಟಾದರೆ ಸಿಗ್ನಲ್ 6 ಡಿಬಿ ಇಳಿಯುತ್ತದೆ. ಮನೆಯಲ್ಲಿ ದೂರಕ್ಕಿಂತ ನಡುವೆ ಬರುವ ವಸ್ತುಗಳದ್ದೇ ದೊಡ್ಡ ನಷ್ಟ. ಕಬ್ಬಿಣದ ಸರಳಿರುವ ಕಾಂಕ್ರೀಟ್, ಲೋಹದ ಬೀರು, ದೊಡ್ಡ ಕನ್ನಡಿ, ನೀರಿನ ತೊಟ್ಟಿ, ಫ್ರಿಜ್ ಇವೆಲ್ಲ ಸಿಗ್ನಲ್ಲನ್ನು ನುಂಗುತ್ತವೆ ಅಥವಾ ತಿರುಗಿಸಿಬಿಡುತ್ತವೆ. ಟಿವಿಯ ಹಿಂದೆ, ಬೀರುವಿನೊಳಗೆ, ನೆಲದ ಮೇಲೆ ಇಟ್ಟ ರೂಟರ್‌ಗೆ ಯಾವ ಮಾದರಿಯಾದರೂ ಒಂದೇ ಗತಿ. ಮನೆಯ ನಡುಭಾಗದಲ್ಲಿ, ಸುಮಾರು ಒಂದೂವರೆಯಿಂದ ಎರಡು ಮೀಟರ್ ಎತ್ತರದಲ್ಲಿ, ಸುತ್ತಲೂ ಬಯಲಿರುವ ಹಾಗೆ ಇಡಿ. ಹೊರಗಿನ ಕೇಬಲ್ ಮನೆಯ ಒಂದು ಮೂಲೆಯಲ್ಲಿ ಒಳಗೆ ಬರುತ್ತದೆ ಅಂತ ರೂಟರ್ ಕೂಡ ಅಲ್ಲೇ ಇರಬೇಕೆಂದಿಲ್ಲ. ಓಎನ್‌ಟಿ ಅಲ್ಲಿರಲಿ, ಅಲ್ಲಿಂದ ಹತ್ತು-ಹದಿನೈದು ಮೀಟರ್ ಕ್ಯಾಟ್6 ಕೇಬಲ್ ಎಳೆದು ರೂಟರನ್ನು ನಡುಮನೆಗೆ ತನ್ನಿ. ಈಥರ್ನೆಟ್ ಕೇಬಲ್ ನೂರು ಮೀಟರ್‌ವರೆಗೆ ವೇಗ ಕಳೆದುಕೊಳ್ಳುವುದಿಲ್ಲ. ಹೆಚ್ಚು ಬೆಲೆಯ ರೂಟರ್‌ಗಿಂತ ಈ ಕೇಬಲ್ ಹೆಚ್ಚು ಕೆಲಸ ಮಾಡುತ್ತದೆ.

ಹೊರಗೆ ಚಾಚಿದ ಕಡ್ಡಿ ಆಂಟೆನಾದ ತುದಿಯಿಂದ ಸಿಗ್ನಲ್ ಚಿಮ್ಮುವುದಿಲ್ಲ, ಅದರ ಸೊಂಟದ ಸುತ್ತ ಬಳೆಯ ಆಕಾರದಲ್ಲಿ ಹರಡುತ್ತದೆ. ತುದಿಯನ್ನು ಕೋಣೆಯ ಕಡೆಗೆ ಗುರಿಯಿಟ್ಟರೆ ಆ ಕೋಣೆಗೇ ಅತಿ ಕಡಿಮೆ ಸಿಗುತ್ತದೆ. ಒಂದೇ ಅಂತಸ್ತಿನ ಮನೆಗೆ ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ. ಮೇಲಿನ ಅಂತಸ್ತಿಗೂ ಬೇಕಾದರೆ ಒಂದನ್ನು ಅಡ್ಡ ಮಲಗಿಸಿ.

ಟ್ರಾನ್ಸ್‌ಮಿಟ್ ಪವರ್ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವುದೂ ತಪ್ಪು. ರೂಟರ್‌ನ ಕೂಗು ಫೋನಿಗೆ ಕೇಳಿಸಬಹುದು, ಫೋನಿನ ಮೆಲುದನಿ ರೂಟರ್‌ಗೆ ವಾಪಸ್ ಕೇಳಿಸಬೇಕಲ್ಲ. ಫೋನಿನಲ್ಲಿ ಗೀಟು ತುಂಬಿದ್ದರೂ ಸಂದೇಶ ಹೋಗದಿರುವುದಕ್ಕೆ ಇದು ಒಂದು ಕಾರಣ.

ಚಾನೆಲ್ ಮತ್ತು ಅಗಲ

2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳ ನಡುವೆ 5 ಮೆಗಾಹರ್ಟ್ಸ್ ಅಂತರ, ಆದರೆ ಒಂದೊಂದೂ ಸುಮಾರು 20 ಅಗಲ. ಒಂದರ ಮೇಲೊಂದು ಬೀಳದೆ ಉಳಿಯುವುದು 1, 6, 11 ಮೂರೇ. 3 ಅಥವಾ 8 ಖಾಲಿಯಿದೆ ಎಂದು ಅಲ್ಲಿ ಕೂರುವುದು ಎರಡೂ ಕಡೆಯವರಿಗೆ ತೊಂದರೆ. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತವೆ, ಅರ್ಧ ಮೇಲೆ ಬಿದ್ದವು ಪರಸ್ಪರರ ಮಾತನ್ನು ಬರೀ ಗದ್ದಲವೆಂದು ಕೇಳುತ್ತವೆ. ಅಗಲವನ್ನು 20ಕ್ಕೆ ಕಟ್ಟಿಹಾಕಿ. ಮೈಕ್ರೊವೇವ್ ಒಲೆ 2.45 ಗಿಗಾಹರ್ಟ್ಸ್ ಸುತ್ತ ಕೆಲಸ ಮಾಡುವುದರಿಂದ ಅದು ಓಡುವಾಗ ಈ ಬ್ಯಾಂಡ್ ನಲುಗುತ್ತದೆ. ರೂಟರ್‌ನ ಯುಎಸ್‌ಬಿ 3 ಪೋರ್ಟಿಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿದಾಗಲೂ 2.4ರಲ್ಲಿ ಗದ್ದಲ ಏಳುತ್ತದೆ. ಡಿಸ್ಕ್ ಬೇಕೇ ಬೇಕಾದರೆ ಉದ್ದದ, ಒಳ್ಳೆಯ ಹೊದಿಕೆಯಿರುವ ಕೇಬಲ್ ಹಾಕಿ ದೂರ ಇಡಿ, ಅಥವಾ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ 2ಕ್ಕೆ ಇಳಿಸಿ.

5 ಗಿಗಾಹರ್ಟ್ಸ್‌ನಲ್ಲಿ 36ರಿಂದ 48ರವರೆಗಿನ ಚಾನೆಲ್‌ಗಳಲ್ಲಿ ರಗಳೆಯಿಲ್ಲ. 52ರಿಂದ 144ರವರೆಗಿನವು ರಡಾರ್‌ನೊಂದಿಗೆ ಹಂಚಿಕೊಂಡ ಜಾಗ, ಅದಕ್ಕೆ ಡಿಎಫ್‌ಎಸ್ ನಿಯಮವಿದೆ. ರೂಟರ್ ಅಲ್ಲಿ ಮಾತಾಡುವ ಮೊದಲು ಕನಿಷ್ಠ 60 ಸೆಕೆಂಡ್ ಕಿವಿಗೊಟ್ಟು ಕೇಳಬೇಕು. ನಡುವೆ ರಡಾರ್ ಕೇಳಿಸಿದರೆ ಕೂಡಲೇ ಜಾಗ ಬಿಡಬೇಕು, 30 ನಿಮಿಷ ಹಿಂತಿರುಗುವಂತಿಲ್ಲ. 5 ಗಿಗಾಹರ್ಟ್ಸ್‌ನಲ್ಲಿ 160 ಅಗಲದ ಚಾನೆಲ್ 36ರಿಂದ 64ರವರೆಗೆ ಅಥವಾ 100ರಿಂದ 128ರವರೆಗೆ ಹರಡಿಕೊಳ್ಳುತ್ತದೆ, ಎರಡರಲ್ಲೂ ಡಿಎಫ್‌ಎಸ್ ಭಾಗ ಸೇರಿದೆ. ರೂಟರ್ ಆನ್ ಆದಾಗ 2.4 ಬಂದು 5 ಕಾಣದೆ ಒಂದು ನಿಮಿಷ ತಡವಾಗುವುದು, ದಿನಕ್ಕೆ ಒಂದೆರಡು ಸಲ ಎಲ್ಲರ ಸಂಪರ್ಕವೂ ಇದ್ದಕ್ಕಿದ್ದಂತೆ ಕಡಿದು ಬರುವುದು, ಇವೆರಡರ ಹಿಂದೆಯೂ ಇದೇ ಇರಬಹುದು. ವಿಮಾನ ನಿಲ್ದಾಣ ಅಥವಾ ಹವಾಮಾನ ರಡಾರ್ ಹತ್ತಿರವಿದ್ದರೆ 80ಕ್ಕೆ ಇಳಿಸಿ 36ರಲ್ಲಿ ಕೂರುವುದು ನೆಮ್ಮದಿ. ಅಗಲ ಎರಡರಷ್ಟಾದರೆ ಗದ್ದಲವೂ ಎರಡರಷ್ಟು ಒಳಗೆ ಬರುತ್ತದೆ ಎಂಬುದನ್ನು ಮರೆಯಬೇಡಿ. 3 ಡಿಬಿಯ ಈ ನಷ್ಟದಿಂದ ದೂರದ ಕೋಣೆಯಲ್ಲಿ 160 ಇಟ್ಟುಕೊಂಡವರಿಗಿಂತ 80 ಇಟ್ಟುಕೊಂಡವರಿಗೆ ಸಂಪರ್ಕ ಗಟ್ಟಿಯಾಗಿರುತ್ತದೆ.

ವೇಗವಿದ್ದೂ ತಡವರಿಸುವ ಲೈನ್

ವೇಗ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿರುತ್ತದೆ. ಆದರೆ ಮನೆಯ ಒಬ್ಬರು ಫೋಟೊಗಳನ್ನು ಕ್ಲೌಡ್‌ಗೆ ಏರಿಸಲು ತೊಡಗಿದರೆ ಇನ್ನೊಬ್ಬರ ವಿಡಿಯೊ ಕರೆಯಲ್ಲಿ ದನಿ ತುಂಡು ತುಂಡಾಗುತ್ತದೆ. ಇದರ ಹೆಸರು ಬಫರ್‌ಬ್ಲೋಟ್. ಮೋಡೆಮ್ ಅಥವಾ ರೂಟರ್ ಕಳಿಸಲಾಗದ ಪ್ಯಾಕೆಟ್‌ಗಳನ್ನು (ಮಾಹಿತಿಯ ಕಂತುಗಳು) ಬಿಸಾಡದೆ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಅಪ್‌ಲೋಡ್ 20 ಎಂಬಿಪಿಎಸ್ ಇದ್ದು, ಸಾಲಿನಲ್ಲಿ 1 ಮೆಗಾಬೈಟ್ ಅಂದರೆ 8 ಮೆಗಾಬಿಟ್ ನಿಂತಿದೆ ಎಂದಿಟ್ಟುಕೊಳ್ಳಿ. ಆ ಸಾಲಿನ ಕೊನೆಗೆ ಬಂದ ಕರೆಯ ಪ್ಯಾಕೆಟ್ ಹೊರಗೆ ಹೋಗಲು 0.4 ಸೆಕೆಂಡ್ ಕಾಯಬೇಕು. ಕರೆ ಕೆಡಲು ಅಷ್ಟು ಧಾರಾಳವಾಗಿ ಸಾಕು.

ಪತ್ತೆ ಮಾಡುವುದು ಸುಲಭ. ಕೇಬಲ್‌ನಲ್ಲಿರುವ ಕಂಪ್ಯೂಟರಿನಿಂದ ಹೊರಗಿನ ಒಂದು ವಿಳಾಸಕ್ಕೆ ಸತತವಾಗಿ ಪಿಂಗ್ (ಮರುತ್ತರ ಬರಲು ಹಿಡಿಯುವ ಸಮಯ ತೋರಿಸುವ ಆಜ್ಞೆ) ಹಾಕಿ ಬಿಡಿ. ಮನೆ ಸುಮ್ಮನಿದ್ದಾಗ 10-15 ಮಿಲಿಸೆಕೆಂಡ್ ಇದ್ದದ್ದು, ದೊಡ್ಡ ಕಡತ ಏರಿಸಲು ಶುರು ಮಾಡಿದ ಕೂಡಲೇ 200-300ಕ್ಕೆ ಹಾರಿದರೆ ಕಾಯಿಲೆ ಇದೇ. ಮದ್ದು ಎಸ್‌ಕ್ಯೂಎಂ ಎಂಬ ಸೌಲಭ್ಯ, ಅದರೊಳಗೆ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಎಂಬ ಸಾಲು ನಡೆಸುವ ವಿಧಾನ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ (ರೂಟರ್‌ನ ಒಳಗಿನ ತಂತ್ರಾಂಶ) ಹಾಕಬಹುದಾದ ರೂಟರ್‌ಗಳಲ್ಲಿ ಇದು ಸಿಗುತ್ತದೆ, ಕೆಲವು ಕಂಪನಿಗಳ ಫರ್ಮ್‌ವೇರ್‌ನಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇದೆ. ಅಳೆದ ವೇಗದ ಶೇಕಡಾ 90ರಷ್ಟನ್ನು ಮಿತಿಯಾಗಿ ಕೊಡಿ: 190 ಡೌನ್ ಬಂದರೆ 170, 20 ಅಪ್ ಬಂದರೆ 18. ಹೀಗೆ ಮಾಡಿದಾಗ ಸಾಲು ಮೋಡೆಮ್‌ನಲ್ಲಿ ಕಟ್ಟದೆ ರೂಟರ್‌ನಲ್ಲಿ ಕಟ್ಟುತ್ತದೆ, ರೂಟರ್ ಅದನ್ನು ನ್ಯಾಯವಾಗಿ ಹಂಚುತ್ತದೆ. ಪಿಂಗ್ ಮತ್ತೆ ನೋಡಿ, ಇನ್ನೂ ಹಾರುತ್ತಿದ್ದರೆ ಎರಡೆರಡರಂತೆ ಇಳಿಸುತ್ತ ಹೋಗಿ. ಹತ್ತರಲ್ಲಿ ಒಂದು ಪಾಲು ವೇಗ ಬಿಟ್ಟುಕೊಟ್ಟದ್ದು ಯಾರ ಗಮನಕ್ಕೂ ಬರುವುದಿಲ್ಲ, ಕರೆ ಸರಾಗವಾದದ್ದು ಎಲ್ಲರ ಗಮನಕ್ಕೂ ಬರುತ್ತದೆ. ಹೊಸ ರೂಟರ್‌ನ ಸೌಲಭ್ಯಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಆರಿಸುವುದು ಇದನ್ನೇ.

ಇದಕ್ಕೊಂದು ಬೆಲೆ ಇದೆ. ಮಾಮೂಲಾಗಿ ರೂಟರ್‌ಗಳು ದಟ್ಟಣೆಯನ್ನು ಹಾರ್ಡ್‌ವೇರ್ ಆಫ್‌ಲೋಡ್ ಎಂಬ ಅಡ್ಡದಾರಿಯಲ್ಲಿ ಕಳಿಸುತ್ತವೆ, ಪ್ರೊಸೆಸರ್‌ಗೆ ಭಾರವಿರುವುದಿಲ್ಲ. ಎಸ್‌ಕ್ಯೂಎಂ ಹಾಕಿದಾಗ ಪ್ರತಿ ಪ್ಯಾಕೆಟ್ಟೂ ಪ್ರೊಸೆಸರ್ ಮೂಲಕ ಹೋಗಬೇಕು. ಸಣ್ಣ ಪ್ರೊಸೆಸರಿನ ರೂಟರ್‌ನಲ್ಲಿ 500ರ ಲೈನ್ ಇನ್ನೂರಕ್ಕೆ ಕುಸಿಯಬಹುದು. ಆಗ ಅಪ್‌ಲೋಡ್ ದಿಕ್ಕಿಗೆ ಮಾತ್ರ ಮಿತಿ ಹಾಕಿ ನೋಡಿ, ಹೆಚ್ಚಿನ ಮನೆಗಳಲ್ಲಿ ಸಾಲು ಕಟ್ಟುವುದು ಆ ದಿಕ್ಕಿನಲ್ಲೇ. ಇನ್ನು ಫೋನ್, ಟಿವಿ, ಆಟ ಎಂದು ಎಳೆದು ಸಾಲು ಮಾಡುವ ಆದ್ಯತೆಯ ಪಟ್ಟಿಗಳು ಲೈನ್‌ನ ವೇಗವನ್ನು ನಮೂದಿಸದಿದ್ದರೆ ಏನೂ ಮಾಡುವುದಿಲ್ಲ.

ಪಿಂಗ್‌ನಿಂದ ಇನ್ನೊಂದು ಉಪಯೋಗ. ವೈಫೈಯಲ್ಲಿರುವ ಲ್ಯಾಪ್‌ಟಾಪ್‌ನಿಂದ ರೂಟರ್‌ನ ವಿಳಾಸಕ್ಕೇ, ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಪಿಂಗ್ ಹಾಕಿ. ಒಂದರಿಂದ ಐದು ಮಿಲಿಸೆಕೆಂಡ್ ಒಳಗೆ ಇರಬೇಕು. ಇದೇ ನೂರು ದಾಟುತ್ತಿದ್ದರೆ ತೊಂದರೆ ಗಾಳಿಯಲ್ಲಿದೆ. ಇದು ಸರಿಯಿದ್ದು ಹೊರಗಿನ ಪಿಂಗ್ ಕೆಟ್ಟಿದ್ದರೆ ಲೈನ್‌ನಲ್ಲಿದೆ.

ಎರಡು ರೂಟರ್, ಎರಡು ಗೋಡೆ

ಇಂಟರ್ನೆಟ್ ಕೊಡುವವರ ಓಎನ್‌ಟಿಯೇ ಹೆಚ್ಚಾಗಿ ಒಂದು ರೂಟರ್ ಕೂಡ ಆಗಿರುತ್ತದೆ. ಅದರ ಹಿಂದೆ ನಿಮ್ಮ ರೂಟರ್ ಹಾಕಿದರೆ ಎರಡು ಸಲ ನ್ಯಾಟ್ (ಮನೆಯ ವಿಳಾಸಗಳನ್ನು ಹೊರಗಿನ ವಿಳಾಸಕ್ಕೆ ಬದಲಿಸುವುದು) ಆಗುತ್ತದೆ. ಬ್ರೌಸಿಂಗ್‌ಗೆ ಏನೂ ತೊಂದರೆಯಿಲ್ಲ. ಆಟದ ಕನ್ಸೋಲ್, ಮನೆಯ ಕ್ಯಾಮೆರಾಗೆ ಹೊರಗಿನಿಂದ ಪ್ರವೇಶ, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕೋರಿಕೆಯನ್ನು ಒಳಗಿನ ಒಂದು ಸಾಧನಕ್ಕೆ ದಾಟಿಸುವುದು) ಇವು ಕೈಕೊಡುತ್ತವೆ. ದಾರಿ ಎರಡು. ಓಎನ್‌ಟಿಯನ್ನು ಬ್ರಿಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಲೈನ್ ಮಾತ್ರ ದಾಟಿಸುವ ಸ್ಥಿತಿ) ಹಾಕಿ ಪಿಪಿಪಿಒಇಯನ್ನು ನಿಮ್ಮ ರೂಟರ್‌ನಲ್ಲಿ ಕೊಡುವುದು ಉತ್ತಮ. ಆಗದಿದ್ದರೆ ನಿಮ್ಮ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬರೀ ವೈಫೈ ಕೊಡುವ ಸ್ಥಿತಿ) ಹಾಕಿ, ಆದರೆ ಆಗ ಎಸ್‌ಕ್ಯೂಎಂ, ಮಕ್ಕಳ ನಿಯಂತ್ರಣದಂಥ ಸೌಲಭ್ಯಗಳು ಹೋಗುತ್ತವೆ. ಯಾವುದಾದರೂ ಸರಿ, ಓಎನ್‌ಟಿಯ ವೈಫೈ ಆಫ್ ಮಾಡಿ, ಇಲ್ಲದಿದ್ದರೆ ಅದು ನಿಮ್ಮದೇ ಗಾಳಿಯಲ್ಲಿ ಗದ್ದಲ ಮಾಡುತ್ತಿರುತ್ತದೆ.

ರೂಟರ್‌ನ ವ್ಯಾನ್ ವಿಳಾಸ 100.64ರಿಂದ 100.127ರವರೆಗಿನ ಅಂಕಿಗಳಿಂದ ಶುರುವಾದರೆ ನೀವು ಸಿಜಿನ್ಯಾಟ್, ಅಂದರೆ ಹಲವು ಮನೆಗಳಿಗೆ ಒಂದೇ ಹೊರವಿಳಾಸ ಹಂಚುವ ವ್ಯವಸ್ಥೆಯ ಹಿಂದಿದ್ದೀರಿ. ಪೋರ್ಟ್ ಫಾರ್ವರ್ಡ್ ಎಷ್ಟು ಸರಿಯಾಗಿ ಬರೆದರೂ ಕೆಲಸ ಮಾಡದು. ಸಾರ್ವಜನಿಕ ವಿಳಾಸ ಕೇಳಬೇಕು, ಇಲ್ಲವೇ ಐಪಿವಿ6 (ಹೊಸ ಬಗೆಯ ಇಂಟರ್ನೆಟ್ ವಿಳಾಸ) ಬಳಸಬೇಕು.

ಮೆಶ್ ಬೇಕೇ

ಮೂಲೆಯ ಕೋಣೆಯ ಅಂಕಿ ಮೈನಸ್ 75ರ ಆಚೆಗಿದ್ದು, ರೂಟರನ್ನು ಸರಿಸಲು ದಾರಿಯೇ ಇಲ್ಲದಿದ್ದರೆ ಮೆಶ್, ಅಂದರೆ ಉಪಘಟಕಗಳಿಂದ ವೈಫೈಯನ್ನು ಮುಂದಕ್ಕೆ ದಾಟಿಸುವ ವ್ಯವಸ್ಥೆ, ಬೇಕು. ಎರಡೇ ಬ್ಯಾಂಡ್‌ನ ಮೆಶ್‌ನಲ್ಲಿ ಉಪಘಟಕ ರೂಟರ್ ಜೊತೆ ಮಾತಾಡಲೂ ನಿಮ್ಮ ಫೋನ್ ಜೊತೆ ಮಾತಾಡಲೂ ಒಂದೇ 5 ಗಿಗಾಹರ್ಟ್ಸ್ ರೇಡಿಯೊ ಬಳಸುತ್ತದೆ, ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮೂರನೇ ಬ್ಯಾಂಡ್ ಇದ್ದರೆ ನಷ್ಟ ಕಡಿಮೆ, ಎರಡರ ನಡುವೆ ಕೇಬಲ್ ಇದ್ದರೆ ನಷ್ಟವೇ ಇಲ್ಲ. ಎಲ್ಲರೂ ಮಾಡುವ ತಪ್ಪೆಂದರೆ ಉಪಘಟಕವನ್ನು ಸಿಗ್ನಲ್ ಸತ್ತ ಕೋಣೆಯೊಳಗೇ ಇಡುವುದು. ಅಲ್ಲಿ ಅದಕ್ಕೇ ಏನೂ ಕೇಳಿಸದಿದ್ದರೆ ನಿಮಗೇನು ಕೊಟ್ಟೀತು? ರೂಟರ್‌ನ ಸಿಗ್ನಲ್ ಮೈನಸ್ 60-65 ಇರುವ ನಡುದಾರಿಯಲ್ಲಿ ಇಡಿ. ಒಂದು ಘಟಕದಿಂದ ಇನ್ನೊಂದಕ್ಕೆ ಯಾವಾಗ ಜಿಗಿಯಬೇಕೆಂದು ತೀರ್ಮಾನಿಸುವುದು ಫೋನ್, ರೂಟರ್ ಅಲ್ಲ. 802.11ಕೆ ಮತ್ತು ವಿ ಎಂಬ ಮಾನಕಗಳು ಅದಕ್ಕೆ ಸುಳಿವು ಕೊಡುತ್ತವೆ, ಆರ್ ಜಿಗಿತವನ್ನು ಚುರುಕು ಮಾಡುತ್ತದೆ. ಆರ್ ಹಾಕಿದ ಮೇಲೆ ಹಳೆಯ ಪ್ರಿಂಟರ್ ಸೇರಲೊಲ್ಲದೆ ಹೋದರೆ ಅದನ್ನು ಆಫ್ ಮಾಡಿಬಿಡಿ.

ಹಳೆಯ ರೂಟರನ್ನೂ ಹೀಗೇ ಬಳಸಬಹುದು: ಅದರ ವಿಳಾಸವನ್ನು 192.168.1.2ರಂತೆ ಬದಲಿಸಿ, ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ವ್ಯಾನ್‌ಗಲ್ಲದೆ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡೂ ವಿಳಾಸ ಹಂಚತೊಡಗಿ ಇಡೀ ಮನೆಯ ಸಂಪರ್ಕ ಕೆಡುತ್ತದೆ.

ಬೀಗಗಳು, ಬಲ್ಬುಗಳು, ಕರೆಂಟು

ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಇಲ್ಲದೆ ಗುಂಡಿ ಅಥವಾ ಪಿನ್‌ನಿಂದ ಸಾಧನ ಸೇರಿಸುವ ಸೌಲಭ್ಯ) ಆಫ್ ಮಾಡಿ. ಅದರ ಎಂಟಂಕಿಯ ಪಿನ್ ಅನ್ನು ರೂಟರ್ ಎರಡು ತುಂಡಾಗಿ ಪರಿಶೀಲಿಸುತ್ತದೆ, ಕೊನೆಯ ಅಂಕಿ ಬರೀ ತಾಳೆಗೆ. ಹಾಗಾಗಿ 10,000 ಮತ್ತು 1,000, ಒಟ್ಟು 11,000 ಪ್ರಯತ್ನಗಳಲ್ಲಿ ಅದು ಮುರಿಯುತ್ತದೆಂದು 2011ರಲ್ಲೇ ಬಯಲಾಯಿತು. ಅಡ್ಮಿನ್ ಪಾಸ್‌ವರ್ಡ್ ವೈಫೈ ಪಾಸ್‌ವರ್ಡ್‌ಗಿಂತ ಬೇರೆಯಿರಲಿ, ಹೊರಗಿನಿಂದ ನಿರ್ವಹಣೆ ಮಾಡುವ ಆಯ್ಕೆ ಮುಚ್ಚಿರಲಿ, ಫರ್ಮ್‌ವೇರ್ ತಾನಾಗಿ ಅಪ್‌ಡೇಟ್ ಆಗುವಂತಿರಲಿ. ವೈಫೈ ಭದ್ರತೆಯ ಬಗೆಯಾಗಿ ಎಲ್ಲ ಸಾಧನಗಳೂ ಹೊಸವಾದರೆ ಡಬ್ಲ್ಯುಪಿಎ3, ಇಲ್ಲವಾದರೆ ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಶ್ರ.

ಸ್ಮಾರ್ಟ್ ಬಲ್ಬು, ಪ್ಲಗ್ಗುಗಳಲ್ಲಿ ಹೆಚ್ಚಿನವು 2.4 ಮಾತ್ರ ಬಲ್ಲವು, ಕೆಲವು ಮಿಶ್ರ ಮೋಡ್‌ಗೂ ತಡವರಿಸುತ್ತವೆ. ಅವಕ್ಕಾಗಿ ಬೇರೆ ಹೆಸರಿನ, 2.4 ಮಾತ್ರದ, ಡಬ್ಲ್ಯುಪಿಎ2 ಇರುವ ಒಂದು ನೆಟ್‌ವರ್ಕ್ ಮಾಡಿ. ಉಳಿದದ್ದಕ್ಕೆಲ್ಲ 2.4 ಮತ್ತು 5 ಒಂದೇ ಹೆಸರಿನಲ್ಲಿರಲಿ. ಗೆಸ್ಟ್ ನೆಟ್‌ವರ್ಕ್‌ನಲ್ಲಿ ಹಾಕಿದ ಪ್ರಿಂಟರ್ ಫೋನಿಗೆ ಕಾಣದಿದ್ದರೆ ಅದು ದೋಷವಲ್ಲ, ಗೆಸ್ಟ್‌ನ ಕೆಲಸವೇ ಬೇರ್ಪಡಿಸುವುದು. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಫೋನ್‌ಗಳು ನಿಜವಾದ ಮ್ಯಾಕ್ ವಿಳಾಸ ಮರೆಮಾಡುತ್ತವೆ. ಮಕ್ಕಳ ಫೋನಿಗೆ ಹಾಕಿದ ಸಮಯದ ಮಿತಿ ಒಂದು ದಿನ ಕೆಲಸ ಮಾಡದಿದ್ದರೆ ಆ ಫೋನಿನಲ್ಲಿ ಈ ನೆಟ್‌ವರ್ಕ್‌ನ ಮಟ್ಟಿಗೆ ಖಾಸಗಿ ವಿಳಾಸವನ್ನು ಆಫ್ ಮಾಡಬೇಕು.

ಕೊನೆಗೆ ಅಡಾಪ್ಟರ್. ಅದರ ಮೇಲೆ 12 ವೋಲ್ಟ್, 1.5 ಆಂಪಿಯರ್ ಎಂದಿದ್ದರೆ 18 ವ್ಯಾಟ್. ಹಳೆಯ ರೂಟರ್‌ನ 12 ವೋಲ್ಟ್, 1 ಆಂಪಿಯರ್ ಅಡಾಪ್ಟರ್ ಪಿನ್ನಿಗೆ ಸರಿಯಾಗಿ ಕೂರುತ್ತದೆ, ದೀಪಗಳೂ ಉರಿಯುತ್ತವೆ. ನಾಲ್ಕು ಜನ ಒಟ್ಟಿಗೆ ವಿಡಿಯೊ ನೋಡಲು ತೊಡಗಿದಾಗ ರೂಟರ್ ತಾನೇ ಆರಿ ಮತ್ತೆ ಹತ್ತುತ್ತದೆ. ಮಿನಿ ಯುಪಿಎಸ್ ಕೊಳ್ಳುವಾಗಲೂ ಇದೇ ಲೆಕ್ಕ: ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು, ಪಿನ್ನಿನ ಧನ-ಋಣ ತಾಳೆಯಾಗಬೇಕು. ಓಎನ್‌ಟಿಗೂ ಅದರಿಂದಲೇ ಕೊಡುವುದಾದರೆ ಎರಡರ ವ್ಯಾಟ್ ಕೂಡಿ ನೋಡಿ. ರೂಟರ್ ಮಾತ್ರ ಉರಿದು ಓಎನ್‌ಟಿ ಆರಿದರೆ ವೈಫೈ ಇರುತ್ತದೆ, ಇಂಟರ್ನೆಟ್ ಇರುವುದಿಲ್ಲ.